ಹಗುರವಾಗಿ ತುಂಬಿದ ತೋಟಾಗಳು

ನಮ್ಮ ಮನೆತನದಲ್ಲಿ ಯಾರಿಗೂ ಮುಖ ಮುರಿದು ‘ಇಲ್ಲ’ ಅನ್ನಲು ಬರುವುದಿಲ್ಲ. ಮದುವೆಗೆ ಕರೆದರೆ ಖಂಡಿತ ಬರ್ತೀವಿ ಅನ್ನುತ್ತೇವೆ, ಹೋಗುವುದಿಲ್ಲ. ಇನ್ನೊಂದು ಹೋಳಿಗೆ ಬಡಿಸಲು ಬಂದರೆ ಎಲೆಗೆ ಅಡ್ಡ ಕೈಯಿಡುತ್ತೇವೆ, ಬಿದ್ದರೆ ತಿನ್ನುತ್ತೇವೆ. ನ್ಯೂಜೆರ್ಸಿಗೆ ಬಂದು ಇಪ್ಪತ್ತು ವರ್ಷ ದಾಟಿದರೂ ಈ ಗುಣ ನನ್ನನ್ನು ಬಿಟ್ಟಿಲ್ಲ. ಕನ್ನಡ ಸಂಘದವರು ನಾಟಕದಲ್ಲಿ ಪಾತ್ರ ಮಾಡಿ ಎಂದರೆ ‘ನೋಡೋಣ’ ಅನ್ನುತ್ತೇನೆ. ರಿಹರ್ಸಲ್ ಹತ್ತಿರ ಬಂದಾಗ ಮೊಣಕಾಲು ನೋವು ತಂದುಕೊಳ್ಳುತ್ತೇನೆ. ಕೇಳಿದವರಿಗೂ ಅರ್ಥವಾಗುತ್ತದೆ, ನನಗೂ ನೆಮ್ಮದಿ. ಇದನ್ನು ನಾನು ಸೌಜನ್ಯ ಎಂದೇ ತಿಳಿದಿದ್ದೆ. ಹೋದ ವರ್ಷದ ನವೆಂಬರಿನಿಂದ ಹಾಗೆ ಅನ್ನಿಸುತ್ತಿಲ್ಲ.

ನಗು ಬರುವ ಸಂಗತಿಯೆಂದರೆ, ಬೇಡ ಅನ್ನುವುದೇ ನನ್ನ ಹೊಟ್ಟೆಪಾಡು. ಇಲ್ಲಿಯ ಪಾರ್ಸಿಪನಿ ಎಂಬ ಊರಿನ ಆಫೀಸೊಂದರಲ್ಲಿ ಆಸ್ಪತ್ರೆಗಳಿಗೆ ಹೋಗುವ ಉಪಕರಣಗಳ ಗುಣಮಟ್ಟ ನೋಡುವ ಕೆಲಸ ನನ್ನದು. ಕಂಪ್ಯೂಟರಿನ ಮುಂದೆ ಕೂತು ‘ಫೇಲ್’ ಎಂದು ಒತ್ತುವಾಗ ನನಗೆ ಯಾವ ಅಳುಕೂ ಇಲ್ಲ. ಎದುರಿಗೆ ಮನುಷ್ಯ ನಿಂತರೆ ಮಾತ್ರ ನಾಲಿಗೆ ಏಳುವುದಿಲ್ಲ.

ಆ ಆಫೀಸಿನವರೇ ಒಮ್ಮೆ ನಮ್ಮ ಟೀಮನ್ನೆಲ್ಲ ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋದರು, ಬೇರೆಯವರು ಬೌಲಿಂಗಿಗೆ ಹೋಗುವ ಹಾಗೆ. ಬರಲ್ಲ ಅನ್ನಲಾಗದೆ ಹೋದೆ. ಕಿವಿ ಮುಚ್ಚಿಕೊಂಡು, ಬೆಂಚಿಗೆ ಮೊಣಕೈ ಊರಿ, ಅರ್ಧ ಉಸಿರು ಬಿಟ್ಟು ತಡೆದು, ದೂರದ ಕಾಗದದ ಮೇಲಿನ ಕಪ್ಪು ಚುಕ್ಕೆಯನ್ನು ನೋಡುತ್ತಾ ಬೆರಳು ಎಳೆದಾಗ ತಲೆಯೊಳಗಿನ ಗದ್ದಲವೆಲ್ಲ ಒಮ್ಮೆಗೇ ನಿಂತಿತು. ಅಂಥ ಮೌನ ನನಗೆ ಸಂಧ್ಯಾವಂದನೆಯಲ್ಲೂ ಸಿಕ್ಕಿರಲಿಲ್ಲ. ಪೊಲೀಸರಿಗೆ ಅರ್ಜಿ, ಬೆರಳಚ್ಚು, ಇಬ್ಬರ ಸಾಕ್ಷಿ ಎಲ್ಲ ಮುಗಿಸಿ ಮುಂದಿನ ವರ್ಷ ನನ್ನದೇ ಒಂದು ರೈಫಲ್ ತಂದೆ. ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆಗೆ ಬಂದೂಕು ಬಂತು. ಹೆಂಡತಿ ಕೆಲವು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಕಾಗದಕ್ಕೆ ಮಾತ್ರ ಹೊಡೆಯುತ್ತೇನೆ, ಯಾವ ಪ್ರಾಣಿಯ ಕಡೆಗೂ ಗುರಿ ಇಡುವುದಿಲ್ಲ ಎಂದು ದೇವರ ಮುಂದೆ ನಿಂತು ಹೇಳಿದ ಮೇಲೆ ಸಮಾಧಾನಗೊಂಡಳು.

ನನ್ನನ್ನು ನಿಜವಾಗಿ ಕೆಡಿಸಿದ್ದು ಬಂದೂಕಲ್ಲ, ಹಿತ್ತಾಳೆ. ಪ್ರತಿ ಸಲ ಹೊಡೆದಾಗಲೂ ಬೆರಳುದ್ದದ ಒಂದು ಖಾಲಿ ತೋಟಾ ಹೊರಗೆ ಬೀಳುತ್ತದೆ. ಅದು ಒಳ್ಳೆಯ ಗಟ್ಟಿ ಹಿತ್ತಾಳೆ. ರೇಂಜಿನಲ್ಲಿ ಜನ ಅದನ್ನು ಕಾಲಿನಿಂದ ಸರಿಸಿ, ಪೊರಕೆಯಿಂದ ಗುಡಿಸಿ ಬಕೆಟ್ಟಿಗೆ ತುಂಬುತ್ತಿದ್ದರು. ನಾನು ತಿಪಟೂರಿನವನು; ಸೊಟ್ಟಾದ ಚೊಂಬನ್ನೂ ಅಟ್ಟದ ಮೇಲಿಟ್ಟು ಕಾಪಾಡುವ ಮನೆಯಲ್ಲಿ ಬೆಳೆದವನು. ಹಿತ್ತಾಳೆಯನ್ನು ಹೀಗೆ ಗುಡಿಸುವುದನ್ನು ನೋಡಿ ಹೊಟ್ಟೆ ಉರಿಯಿತು. ಜೇಬು ತುಂಬಿಕೊಂಡು ಬಂದೆ. ಮೈಸೂರಿನವಳಾದ ನನ್ನ ಹೆಂಡತಿಗೂ ಕರಿ ಹಿಡಿದ ಹಿತ್ತಾಳೆಯನ್ನು ಸುಮ್ಮನೆ ನೋಡಲು ಆಗುವುದಿಲ್ಲ. ಶುಕ್ರವಾರದ ದೀಪಗಳ ಜೊತೆ ಅವನ್ನೂ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ, ಹಿಂದಿನ ಡೆಕ್ಕಿನ ಮೇಲೆ ಟವೆಲ್ ಹಾಸಿ ಬಿಸಿಲಿಗಿಟ್ಟಳು. ಅವು ತುಸು ಕೆಂಪು ತಿರುಗಿ ಹೊಳೆಯುತ್ತಿದ್ದವು.

ಆ ಹೊಳಪನ್ನು ನೋಡಿಯೇ ಪಕ್ಕದ ಮನೆಯ ಡಾಕ್ಟರು ಬೇಲಿಯ ಹತ್ತಿರ ಬಂದದ್ದು. ಅವರು ಹಲ್ಲಿನ ಡಾಕ್ಟರು, ಅಮೆರಿಕದವರು, ನಿವೃತ್ತರು. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಆವರೆಗೆ ನಮ್ಮಿಬ್ಬರ ನಡುವೆ ಕೈ ಬೀಸುವಷ್ಟೇ ಪರಿಚಯ. ಒಂದು ಖಾಲಿ ತೋಟಾ ಎತ್ತಿ ಮೂಸಿ ನೋಡಿ, ಏನು ಹಾಕಿ ತೊಳೆದಿರಿ ಎಂದು ಕೇಳಿದರು. ಹುಣಸೆಹಣ್ಣು ಅಂದೆ. ಅವರು ತುಂಬಾ ಹೊತ್ತು ನಕ್ಕರು. ಆಮೇಲೆ ಇದನ್ನು ಏನು ಮಾಡುತ್ತೀರಿ ಎಂದರು. ಏನೂ ಇಲ್ಲ, ಎಸೆಯಲು ಮನಸ್ಸು ಬರಲಿಲ್ಲ ಅಂದೆ. ‘ಹಾಗಾದರೆ ನೀವು ನಮ್ಮವರೇ’ ಎಂದು ತಮ್ಮ ಬೇಸ್‌ಮೆಂಟಿಗೆ ಕರೆದುಕೊಂಡು ಹೋದರು.

ಅಲ್ಲಿ ನಾನು ತೋಟಾ ತುಂಬುವುದನ್ನು ಕಲಿತೆ. ತೋಟಾ ಅಂದರೆ ನಾಲ್ಕು ವಸ್ತು: ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕಿಡಿ ಹುಟ್ಟಿಸುವ ಬೇಳೆಯಷ್ಟು ಚಿಕ್ಕ ಪ್ರೈಮರ್, ಒಳಗೆ ಮದ್ದು, ತುದಿಯಲ್ಲಿ ಗುಂಡು. ಹೊಡೆದ ಮೇಲೆ ಮಿಕ್ಕದ್ದೆಲ್ಲ ಹೋಗಿ ಹಿತ್ತಾಳೆ ಮಾತ್ರ ಉಳಿಯುತ್ತದೆ, ಸ್ವಲ್ಪ ಉಬ್ಬಿಕೊಂಡು. ಬೆಂಚಿಗೆ ಬಿಗಿದ ಪ್ರೆಸ್ಸಿಗೆ ಅದನ್ನು ಕೂರಿಸಿ ಹಿಡಿಕೆ ಒತ್ತಿದರೆ ಉಬ್ಬು ಹೋಗಿ ಮೊದಲಿನ ಅಳತೆಗೆ ಬರುತ್ತದೆ, ಸತ್ತ ಪ್ರೈಮರ್ ಕೆಳಗೆ ಬೀಳುತ್ತದೆ. ಹೊಸ ಪ್ರೈಮರ್ ಕೂರಿಸಿ, ಮದ್ದನ್ನು ಚಿನ್ನದ ಹಾಗೆ ತೂಗಿ ಸುರಿದು, ಬಾಯಿಗೆ ಗುಂಡು ಇಟ್ಟು ಮತ್ತೊಮ್ಮೆ ಒತ್ತಿದರೆ ಆಯಿತು. ಕೇಳಲು ಸುಲಭ. ಮದ್ದು ಹೆಚ್ಚಾದರೂ ಅಪಾಯ, ಮನಬಂದಂತೆ ಕಡಿಮೆಯಾದರೂ ಅಪಾಯ; ಪ್ರತಿ ಗುಂಡಿಗೂ ಎಷ್ಟು ಮದ್ದು ಎಂಬ ಲೆಕ್ಕ ಪುಸ್ತಕದಲ್ಲಿದೆ, ಅದನ್ನು ಬಿಟ್ಟು ಕದಲಬಾರದು. ಜನ್ಮವಿಡೀ ಹಲ್ಲಿನ ತೂತುಗಳನ್ನು ತುಂಬಿದ ಅವರ ಕೈ ಈ ಕೆಲಸಕ್ಕೆಂದೇ ಹುಟ್ಟಿದಂತಿತ್ತು. ತೂಕ ನೋಡುವಾಗ ಉಸಿರು ಬಿಡಬೇಡ, ತಕ್ಕಡಿ ಅಲುಗುತ್ತದೆ ಎಂದು ನನಗೆ ಗದರುತ್ತಿದ್ದರು. ವಾರಾಂತ್ಯಗಳಲ್ಲಿ ನಾನು ಅಲ್ಲೇ ಇರುತ್ತಿದ್ದೆ. ಊರು ಬಿಟ್ಟ ಮೇಲೆ ನನಗೆ ಯಾರೂ ಹೀಗೆ ಪಕ್ಕದಲ್ಲಿ ಕೂತು ಏನನ್ನೂ ಕಲಿಸಿರಲಿಲ್ಲ.

ಒಂದೇ ಒಂದು ವಿಷಯವಿತ್ತು. ನಾನು ತುಂಬುವುದು ಕಾಗದಕ್ಕೆ. ಅವರು ತುಂಬುವುದು ಜಿಂಕೆಗೆ. ನ್ಯೂಜೆರ್ಸಿಯಲ್ಲಿ ರೈಫಲಿನಿಂದ ಜಿಂಕೆ ಹೊಡೆಯುವಂತಿಲ್ಲ. ಅದಕ್ಕೆ ಅವರು ಪ್ರತಿ ನವೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಯಾಟ್ಸ್‌ಕಿಲ್ ಬೆಟ್ಟಗಳಿಗೆ ಹೋಗುತ್ತಿದ್ದರು. ಒಂದು ಜಿಂಕೆ, ಒಂದೇ ಗುಂಡು, ಅದರ ಮಾಂಸ ಚಳಿಗಾಲದ ಊಟಕ್ಕೆ. ಅದು ಅವರ ಕ್ರಮ. ಹಿಂದಿರುಗುವಾಗ ನಾವು ಸಸ್ಯಾಹಾರಿಗಳೆಂದು ನೆನಪಿಟ್ಟು, ಅಲ್ಲಿಯ ತೋಟದಿಂದ ಒಂದು ಚೀಲ ಸೇಬು ತಂದು ಕೊಡುತ್ತಿದ್ದರು. ಹೆಂಡತಿ ಆ ಸೇಬಿನಲ್ಲಿ ಕೇಸರಿಬಾತ್ ಮಾಡಿ ಒಂದು ಡಬ್ಬಿ ಅವರಿಗೂ ಕಳಿಸುತ್ತಿದ್ದಳು. ಆ ಚೀಲ ಜಿಂಕೆಯ ಜೊತೆ ಅವರ ಪಿಕಪ್ ಟ್ರಕ್ಕಿನಲ್ಲೇ ಬಂದದ್ದು ಎಂದು ನಾನು ಅವಳಿಗೆ ಹೇಳಲು ಹೋಗಲಿಲ್ಲ.

ಕೆಲವು ವರ್ಷಗಳ ನಂತರ ಡಾಕ್ಟರ ಕೈ ಸಣ್ಣಗೆ ನಡುಗಲು ಶುರುವಾಯಿತು. ಬಂದೂಕು ಹಿಡಿದಾಗ, ಮೊಣಕೈಗೆ ಆಸರೆ ಇದ್ದಾಗ ನಡುಗುತ್ತಿರಲಿಲ್ಲ. ಪ್ರೈಮರಿನಂಥ ಚಿಕ್ಕ ವಸ್ತುವನ್ನು ಎತ್ತುವಾಗ ನಡುಗುತ್ತಿತ್ತು. ಒಂದು ಶನಿವಾರ ಪ್ರೆಸ್, ತಕ್ಕಡಿ, ಡಬ್ಬಿಗಳನ್ನೆಲ್ಲ ನಮ್ಮ ಬೇಸ್‌ಮೆಂಟಿಗೆ ಸಾಗಿಸಿದರು. ಎಲ್ಲ ನಿನ್ನದೇ ಇರಲಿ, ವರ್ಷಕ್ಕೊಂದು ಡಬ್ಬಿ ನನಗೆ ತುಂಬಿಕೊಡು, ಯಾವಾಗಲೂ ತುಂಬುವ ಹಾಗೇ ಎಂದರು. ಜಿಂಕೆಗೆ ಆಗುವುದಿಲ್ಲ ಡಾಕ್ ಎಂಬ ಮಾತು ಗಂಟಲವರೆಗೆ ಬಂತು. ಬಾಯಿಂದ ಹೊರಗೆ ಬಂದದ್ದು ‘ಆಗಲಿ’.

ಎರಡು ಶರತ್ಕಾಲ ಹಾಗೇ ತುಂಬಿಕೊಟ್ಟೆ. ತುಂಬುವವನು ನಾನು, ಹೊಡೆಯುವವರು ಅವರು, ನನಗೇನು ಪಾಪ ಎಂದು ಕೈ ತೊಳೆದುಕೊಂಡೆ. ಎರಡು ಜಿಂಕೆ ಬಿದ್ದವು. ಎರಡು ಚೀಲ ಸೇಬು ಬಂದವು.

ಮೂರನೆಯ ವರ್ಷದ್ದು ಈ ಕಥೆ. ಆಯುಧಪೂಜೆಯ ದಿನ ಹೆಂಡತಿ ಎರಡೂ ಕಾರಿಗೆ, ಮಿಕ್ಸಿಗೆ, ಹೊಲಿಗೆ ಯಂತ್ರಕ್ಕೆ, ಲ್ಯಾಪ್‌ಟಾಪಿಗೆ ಅರಿಶಿನ ಕುಂಕುಮ ಹಚ್ಚಿ, ಹೂವಿನ ತಟ್ಟೆ ಹಿಡಿದು ಬೇಸ್‌ಮೆಂಟಿಗೆ ಇಳಿದಳು. ಪ್ರೆಸ್ಸಿಗೆ ಕುಂಕುಮ ಇಟ್ಟಳು, ತಕ್ಕಡಿಗೆ ಸೇವಂತಿಗೆ ಏರಿಸಿದಳು. ಬೆಂಚಿನ ತುದಿಯಲ್ಲಿ ನಾನು ಎಂದೂ ಬಳಸದ, ಕೆಂಪು ತುದಿಯ ಗುಂಡುಗಳ ಒಂದು ಹೊಸ ಡಬ್ಬಿಯಿತ್ತು. ಹೂವು ಹಿಡಿದ ಕೈ ಅಲ್ಲಿಗೆ ಹೋಗಿ ನಿಂತಿತು.

‘‘ಇವು ನಿಮ್ಮವಲ್ಲ ಅಲ್ವಾ?’’

‘‘ಡಾಕ್ಟ್ರದ್ದು.’’

‘‘ಜಿಂಕೆಗಾ?’’

ಅವಳು ಹೂವನ್ನು ತಟ್ಟೆಗೆ ವಾಪಸು ಹಾಕಿದಳು. ‘‘ಅವರಿಗೆ ಆಗಲ್ಲ ಅಂತ ಹೇಳ್ಬಿಡಿ’’ ಎಂದಳು. ಅಷ್ಟು ದೊಡ್ಡವರಿಗೆ ಹೇಗೆ ಹೇಳುವುದು, ಕೈ ಬೇರೆ ನಡುಗುತ್ತದೆ, ಕಲಿಸಿದವರು ಅವರು ಎಂದೆಲ್ಲ ನಾನು ತೊದಲಿದೆ. ಅವಳು ವಾದ ಮಾಡಲಿಲ್ಲ, ಮಂಗಳಾರತಿ ಎತ್ತಿ ಮೇಲೆ ಹೋದಳು. ಇದೇ ಹೆಂಗಸು ಬೇಸಿಗೆಯಿಡೀ ತನ್ನ ಅವರೆ ಬಳ್ಳಿ ಮೇಯುವ ಜಿಂಕೆಗಳಿಗೆ ಹಿಡಿಶಾಪ ಹಾಕುತ್ತಾಳೆ, ಪಾತ್ರೆ ಬಡಿದು ಓಡಿಸುತ್ತಾಳೆ. ಆದರೂ ಆ ಡಬ್ಬಿಗೆ ಮಾತ್ರ ಹೂವು ಬೀಳಲಿಲ್ಲ. ಅದು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿತು.

ಆ ವರ್ಷ ವಸಂತದಲ್ಲಿ ಡಾಕ್ಟರಿಗೆ ಭುಜದ ಆಪರೇಷನ್ ಆಗಿತ್ತು. ಬಂದೂಕು ಹಾರಿಸಿದರೆ ಭುಜಕ್ಕೆ ಗುದ್ದು ಬೀಳುತ್ತದಲ್ಲ, ಅದನ್ನು ಆದಷ್ಟು ಕಡಿಮೆ ಮಾಡಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರಂತೆ. ಇದು ನನಗೆ ನೆಪವಾಯಿತು. ಹಗುರವಾಗಿ ತುಂಬಲೆಂದೇ ಬೇರೆ ಬಗೆಯ ಮದ್ದು ಸಿಗುತ್ತದೆ. ಮಕ್ಕಳಿಗೆ, ಹೊಸಬರಿಗೆ ಅಂಥ ತೋಟಾ ತುಂಬುತ್ತಾರೆ. ಪುಸ್ತಕದಲ್ಲಿ ಅದರ ಲೆಕ್ಕವೂ ಇದೆ. ನಾನು ಡಾಕ್ಟರ ಡಬ್ಬಿಯನ್ನು ಹಾಗೆ ತುಂಬಿದೆ. ಪುಸ್ತಕದ ಅಳತೆಯಿಂದ ಒಂದು ಕಾಳೂ ಆಚೀಚೆ ಮಾಡಲಿಲ್ಲ. ಅಷ್ಟರ ಮಟ್ಟಿಗೆ ನಾನು ಪ್ರಾಮಾಣಿಕ.

ಅವರ ಭುಜಕ್ಕಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಭುಜಕ್ಕಾಗಿಯೇ ಆಗಿದ್ದರೆ ಅವರಿಗೆ ತಿಳಿಸಬೇಕಿತ್ತು. ಹಗುರ ತುಂಬಿದ ಗುಂಡು ನಿಧಾನ ಹೋಗುತ್ತದೆ. ನಿಧಾನ ಹೋದದ್ದು ದೂರದಲ್ಲಿ ಕೆಳಗೆ ಇಳಿಯುತ್ತದೆ. ಅವರ ಬಂದೂಕಿನ ಮೇಲಿನ ದುರ್ಬೀನು ಹಳೆಯ ತೋಟಾಗಳಿಗೆ ಹೊಂದಿಸಿದ್ದು. ಇನ್ನೂರು ಗಜ ದೂರದ ಜಿಂಕೆಯ ಎದೆಗೆ ಗುರಿಯಿಟ್ಟರೆ ಗುಂಡು ಒಂದು ಗೇಣು ಕೆಳಗೆ ಹೋಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೊಟ್ಟೆಯ ಕೆಳಗೆ ಹಾದು ನೆಲಕ್ಕೆ ಬೀಳಲಿ, ಜಿಂಕೆ ಓಡಿಹೋಗಲಿ, ಅವರು ಈ ಸಲ ತಪ್ಪಿತು ಎಂದುಕೊಳ್ಳಲಿ. ಇದೇ ನನ್ನ ಎಣಿಕೆ. ಡಬ್ಬಿಯ ಮೇಲೆ ಯಾವ ಮದ್ದು, ಎಷ್ಟು ಎಂದು ಬರೆದ ಹಳೆಯ ಚೀಟಿಯೇ ಇತ್ತು, ನಾನು ಬದಲಾಯಿಸಲಿಲ್ಲ. ಇಲ್ಲ ಅನ್ನುವುದರ ಬದಲು ಮದ್ದನ್ನೇ ಕಡಿಮೆ ಮಾಡಿದೆ. ಮೊಣಕಾಲು ನೋವಿನ ಬುದ್ಧಿಯೇ ಇದು.

ಪ್ರತಿ ವರ್ಷ ಬೇಟೆಗೆ ಮೊದಲು ಅವರು ರೇಂಜಿಗೆ ಹೋಗಿ ಪರೀಕ್ಷೆಗೆಂದು ಮೂರು ಗುಂಡು ಹೊಡೆಯುತ್ತಿದ್ದರು. ಹಾಗೆ ಮಾಡಿದರೆ ಗುಟ್ಟು ಬಯಲಾಗುತ್ತದೆ, ಆಗ ಭುಜದ ನೆಪ ಹೇಳೋಣ ಎಂದೂ ಯೋಚಿಸಿಟ್ಟಿದ್ದೆ. ಆದರೆ ಡಬ್ಬಿ ಒಯ್ಯಲು ಬಂದಾಗ ಅವರು ಭುಜ ಸವರಿಕೊಂಡು, ಈ ವರ್ಷ ಪರೀಕ್ಷೆ ಬೇಡ, ತುಂಬಿದವನು ನೀನಲ್ಲವೇ, ಅಂದರು. ನಾನು ಬಾಯಿ ತೆರೆಯಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಕಾಫಿ ಕುಡೀತೀರಾ ಎಂದು ಕೇಳಿದೆ.

ನವೆಂಬರಿನ ಒಂದು ಬೆಳಿಗ್ಗೆ ಆಫೀಸಿನಲ್ಲಿದ್ದಾಗ ಅವರ ಫೋನ್ ಬಂತು. ಜಿಂಕೆಗೆ ಗಾಯವಾಗಿದೆ, ಓಡಿಹೋಗಿದೆ, ಗುಡ್ಡ ಹತ್ತಿ ಹುಡುಕಲು ನನ್ನೊಬ್ಬನಿಂದ ಆಗುತ್ತಿಲ್ಲ, ಬರ್ತೀಯಾ ಎಂದರು. ಮೀಟಿಂಗ್ ಬಿಟ್ಟು ಹೊರಟೆ. ದಾರಿಯುದ್ದಕ್ಕೂ ಚರ್ಮ ತರಚಿದ್ದಷ್ಟೇ ಇರಲಿ ಎಂದು ದೇವರಿಗೆ ಹರಕೆ ಹೊರುತ್ತಾ ಡ್ರೈವ್ ಮಾಡಿದೆ.

ಕಾಡಿನ ಅಂಚಿನಲ್ಲಿ ಕಿತ್ತಳೆ ಬಣ್ಣದ ಟೊಪ್ಪಿ ಹಾಕಿಕೊಂಡು ನಿಂತಿದ್ದರು. ಒಂದೇ ದಿನದಲ್ಲಿ ವಯಸ್ಸು ಹೆಚ್ಚಾದಂತೆ ಕಂಡರು. ನನಗೂ ಕಿತ್ತಳೆ ಬಣ್ಣದ ಅಂಗಿ ಕೊಟ್ಟು, ಜಿಂಕೆ ನಿಂತಿದ್ದ ಜಾಗಕ್ಕೆ ಕರೆದೊಯ್ದರು. ತೆಳ್ಳಗೆ ಹಿಮ ಬಿದ್ದಿತ್ತು. ಅದರ ಮೇಲೆ ಒಂದಿಷ್ಟು ಬಿಳಿ ಕೂದಲು, ಎಳೆಯಂತೆ ಹರಿದ ರಕ್ತ, ಒಂದು ಮೂಳೆಯ ಚೂರು. ಅವರು ಆ ಚೂರನ್ನು ಅಂಗೈಯಲ್ಲಿಟ್ಟುಕೊಂಡು, ಬಿದ್ದ ಹಲ್ಲನ್ನು ನೋಡುವಂತೆ ತಿರುಗಿಸಿ ನೋಡಿದರು. ಕಾಲು, ಅಂದರು. ಗುಂಡು ಕೆಳಗೆ ಹೋಗಿದೆ.

ನಾವು ಹೆಜ್ಜೆ ಹಿಡಿದು ನಡೆದೆವು. ಮೂರು ಕಾಲಿನ ಗುರುತು ಸ್ಪಷ್ಟವಾಗಿ ಮೂಡಿತ್ತು. ನಾಲ್ಕನೆಯದರ ಜಾಗದಲ್ಲಿ ಹಿಮದ ಮೇಲೆ ಎಳೆದ ಗೆರೆ. ಅದು ಅಲ್ಲಲ್ಲಿ ಮಲಗಿತ್ತು, ಮಲಗಿದಲ್ಲೆಲ್ಲ ಹಿಮ ಕರಗಿ ಕೆಂಪಾಗಿತ್ತು. ಒಂದು ಮರದ ಬುಡದಲ್ಲಿ ಅದು ಕಂಡಿತು ಕೂಡ. ನಮ್ಮನ್ನು ನೋಡಿ ಎದ್ದಿತು. ಮುಂಗಾಲು ಮಂಡಿಯ ಕೆಳಗೆ ಜೋತಾಡುತ್ತಿತ್ತು. ಅದು ನನ್ನ ಕಡೆ ನೋಡಿತು ಎಂದು ನಾನು ಹೇಳಬಾರದು, ಅದು ಸುಮ್ಮನೆ ಶಬ್ದ ಬಂದ ಕಡೆ ನೋಡಿತು. ಡಾಕ್ಟರು ಬಂದೂಕು ಎತ್ತುವಷ್ಟರಲ್ಲಿ ಪೊದೆಯೊಳಗೆ ನುಗ್ಗಿ ಹೋಯಿತು. ಕೊನೆಗೆ ಒಂದು ಹಳ್ಳದ ಹತ್ತಿರ ಹೆಜ್ಜೆ ನಿಂತುಹೋದವು. ಆಚೆ ದಡದಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ನನಗೆ ಓಡಿಹೋಗಬೇಕೆನಿಸುತ್ತಿತ್ತು, ಅಲ್ಲೇ ಕೂತು ಅಳಬೇಕೆನಿಸುತ್ತಿತ್ತು. ಒಂದು ಪ್ರಾಣ ಉಳಿಸುತ್ತೇನೆಂದು ಹೊರಟವನು ಅದನ್ನು ಮೂರು ಕಾಲಿನ ಮೇಲೆ ಚಳಿಗಾಲಕ್ಕೆ ಬಿಟ್ಟಿದ್ದೆ.

ಡಾಕ್ಟರು ಒಂದು ಕಲ್ಲಿನ ಮೇಲೆ ಕೂತು ಗ್ಲೌಸ್ ತೆಗೆದು ತಮ್ಮ ಕೈ ನೋಡಿಕೊಂಡರು. ಇಷ್ಟು ವರ್ಷದಲ್ಲಿ ಒಂದನ್ನೂ ಹೀಗೆ ಬಿಟ್ಟು ಬಂದಿಲ್ಲ, ಕೈ ಹೋಯಿತೋ ಕಣ್ಣು ಹೋಯಿತೋ ಗೊತ್ತಾಗುತ್ತಿಲ್ಲ, ಗುರಿ ಸರಿಯಾಗಿ ಇಟ್ಟಂತೆಯೇ ಅನ್ನಿಸಿತ್ತು ಎಂದರು. ತೋಟಾದ ಮೇಲೆ ಅವರಿಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ. ಗುದ್ದು ಹಗುರವಾಗಿದ್ದುದೂ ಅವರಿಗೆ ತಿಳಿದಂತಿರಲಿಲ್ಲ. ಜಿಂಕೆ ಎದುರಿಗಿದ್ದಾಗ ಯಾರಿಗೂ ಗುದ್ದು ತಿಳಿಯುವುದಿಲ್ಲ ಎಂದು ಹಿಂದೊಮ್ಮೆ ಅವರೇ ಹೇಳಿದ್ದರು. ಆಗಲಾದರೂ ನಾನು ಹೇಳಬೇಕಿತ್ತು. ನಾನು ಹೇಳಿದ್ದೇನು? ಬಿಡಿ ಡಾಕ್, ವಯಸ್ಸಾದ ಮೇಲೆ ಎಲ್ಲರಿಗೂ ಹೀಗಾಗುತ್ತದೆ, ಎಂದು ಭುಜ ತಟ್ಟಿದೆ. ಮದ್ದು ಕಡಿಮೆ ಮಾಡಿದ್ದಕ್ಕಿಂತ ಈ ಮಾತಿಗಾಗಿ ನನಗೆ ಹೆಚ್ಚು ನಾಚಿಕೆಯಾಗುತ್ತದೆ.

ಮರುದಿನವೂ ಅವರು ಒಬ್ಬರೇ ಹುಡುಕಿದರಂತೆ. ಆ ವರ್ಷವೂ ಸೇಬಿನ ಚೀಲ ಬಂತು. ಹೆಂಡತಿ ಕೇಸರಿಬಾತ್ ಮಾಡಿದಳು. ನನಗೆ ಒಂದು ಚಮಚವೂ ಇಳಿಯಲಿಲ್ಲ.

ಆ ಚಳಿಗಾಲ ಡಾಕ್ಟರು ಒಂದೊಂದನ್ನೇ ಬಿಡುತ್ತಾ ಹೋದರು. ಬೇಟೆ ಮುಗಿಯಿತು ಎಂದರು, ಅದು ಸರಿ. ಆಮೇಲೆ ಹೈವೇಯಲ್ಲಿ ಕಾರು ಓಡಿಸುವುದನ್ನು ಬಿಟ್ಟರು; ಜಿಂಕೆಯೇ ಕಾಣದ ಕಣ್ಣಿಗೆ ರೂಟ್ ಎಂಬತ್ತರ ಟ್ರಕ್ಕುಗಳು ಕಾಣುತ್ತವೆಯೇ ಎಂದರು. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ ಚೆನ್ನಾಗಿಯೇ ಇದೆ ಎಂದರೂ ನಂಬಲಿಲ್ಲ. ಹಿಮ ಗುಡಿಸುವುದಕ್ಕೆ ಜನರನ್ನು ಕರೆಸಿದರು. ಫೆಬ್ರವರಿಯಲ್ಲಿ ಬೇಲಿಯ ಹತ್ತಿರ ನಿಂತು, ಮನೆ ಮಾರಿ ಜೆರ್ಸಿ ಸಿಟಿಯಲ್ಲಿರುವ ಮಗಳ ಅಪಾರ್ಟ್‌ಮೆಂಟಿಗೆ ಹೋಗುತ್ತೇನೆ ಎಂದು ತಿಳಿಸಿದರು. ಮಗಳು ಬಹಳ ದಿನದಿಂದ ಕರೆಯುತ್ತಿದ್ದಳಂತೆ, ಈಗ ತಾನೇ ಒಪ್ಪಿಕೊಂಡೆ ಎಂದರು. ಅವರಿಗೆ ಹೋಗುವ ಮನಸ್ಸಿರಲಿಲ್ಲ. ಹೇಳುವಾಗ ತಮ್ಮ ಗರಾಜಿನ ಕಡೆಗೇ ನೋಡುತ್ತಿದ್ದರು.

ನಾನು ಸುಮ್ಮನಿದ್ದರೆ ಎಲ್ಲವೂ ನಾನು ಬಯಸಿದಂತೆಯೇ ಆಗುತ್ತಿತ್ತು. ಇನ್ನು ಜಿಂಕೆ ಸಾಯುವುದಿಲ್ಲ, ನಾನು ತುಂಬಬೇಕಾಗಿಲ್ಲ, ಯಾರಿಗೂ ಇಲ್ಲ ಅನ್ನಬೇಕಾಗಿಲ್ಲ. ಹೇಳಿದರೆ ಅವರು ಮತ್ತೆ ಬೇಟೆಗೆ ಹೋದಾರು, ಮತ್ತೆ ಒಂದು ಪ್ರಾಣ ಹೋದೀತು. ಅಹಿಂಸೆ ನನ್ನ ಪರವಾಗಿಯೇ ಇತ್ತು. ಇದಕ್ಕಾಗಿ ಒಬ್ಬ ಮನುಷ್ಯ ತನ್ನ ಕಣ್ಣನ್ನು ತಾನೇ ನಂಬದೆ ಉಳಿದ ದಿನ ಕಳೆಯಬೇಕಿತ್ತು, ಅಷ್ಟೇ.

‘‘ಪಾಪ, ಕಣ್ಣು ಹೋಯ್ತಂತೆ ಡಾಕ್ಟ್ರಿಗೆ’’ ಎಂದು ಹೆಂಡತಿ ಕಣ್ಣೊರೆಸಿಕೊಂಡಾಗ ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಅವಳು ಕಾಳು ಬಿಡಿಸುತ್ತಿದ್ದ ಕೈ ನಿಲ್ಲಿಸಿ ಕೇಳಿದಳು.

‘‘ನಾನು ಹೂವು ಇಡಲಿಲ್ಲ ಅಂತ ಹೀಗೆ ಮಾಡಿದ್ರಾ?’’

ಅದಕ್ಕಲ್ಲ ಎಂದೆ. ಅವಳು ನಂಬಲಿಲ್ಲ. ಕಾಳಿನ ತಟ್ಟೆಯನ್ನು ಪಕ್ಕಕ್ಕಿಟ್ಟು, ‘‘ಕಾಲು ಮುರಿದು ಬಿಡೋದಕ್ಕಿಂತ ಸಾಯಿಸಿದ್ರೇ ವಾಸಿ ಇತ್ತಲ್ರೀ’’ ಎಂದಳು. ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿದವಳ ಬಾಯಲ್ಲಿ ಈ ಮಾತು ಬಂತು. ಆಮೇಲೆ, ಮನೆ ಮಾರೋ ಮುಂಚೆ ಹೋಗಿ ಹೇಳಿ, ಎಂದಳು.

ಆಗಲೂ ನನಗೆ ನೇರವಾಗಿ ಹೇಳುವ ಧೈರ್ಯ ಬರಲಿಲ್ಲ. ಸುತ್ತಿ ಬಳಸುವುದೇ ನನ್ನ ಹಣೆಬರಹ. ಕೊನೆಯ ಸಲ ರೇಂಜಿಗೆ ಬನ್ನಿ ಡಾಕ್, ನಿಮ್ಮ ರೈಫಲ್, ಆ ತೋಟಾ ಡಬ್ಬಿ ತನ್ನಿ, ಎಂದು ಬಲವಂತ ಮಾಡಿ ನನ್ನ ಕಾರಿನಲ್ಲಿ ಕರೆದುಕೊಂಡು ಹೋದೆ. ಮಾರ್ಚ್ ತಿಂಗಳ ಒದ್ದೆ ಬೆಳಿಗ್ಗೆ. ನಮ್ಮಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ. ಇನ್ನೂರು ಗಜದಲ್ಲಿ ಕಾಗದ ಕಟ್ಟಿ ಬಂದೆ. ಅವರ ಡಬ್ಬಿಯಲ್ಲೇ ಉಳಿದಿದ್ದ ತೋಟಾಗಳಲ್ಲಿ ಮೂರನ್ನು ತೆಗೆದು ಕೊಟ್ಟೆ. ಬೇಡ, ನೋಡಲು ಮನಸ್ಸಿಲ್ಲ ಎಂದವರು ನನ್ನ ಮುಖ ನೋಡಿ ಏನನ್ನಿಸಿತೋ, ಬೆಂಚಿಗೆ ಕೂತರು. ಮರಳಿನ ಚೀಲದ ಮೇಲೆ ಬಂದೂಕು ಇಟ್ಟ ಮೇಲೆ ಅವರ ಕೈ ಕಲ್ಲಿನ ಹಾಗೆ ನಿಂತಿತು. ಮೂರು ಗುಂಡು ನಿಧಾನವಾಗಿ ಹೊಡೆದರು. ಆಮೇಲೆ ದುರ್ಬೀನಿನಲ್ಲಿ ನೋಡಿದರು.

ಮೂರು ತೂತುಗಳು ಒಂದಕ್ಕೊಂದು ತಾಗಿಕೊಂಡಿದ್ದವು. ಚುಕ್ಕೆಯಿಂದ ಒಂದು ಗೇಣು ಕೆಳಗೆ.

ಅವರು ತುಂಬಾ ಹೊತ್ತು ಕಣ್ಣು ತೆಗೆಯಲಿಲ್ಲ. ನಾನು ಅಂಗಡಿಯಿಂದ ತಂದಿದ್ದ, ಪೂರ್ತಿ ಮದ್ದಿನ ಹೊಸ ತೋಟಾಗಳನ್ನು ಬೆಂಚಿನ ಮೇಲಿಟ್ಟೆ. ಅದನ್ನು ನೋಡಿದರು, ನನ್ನನ್ನು ನೋಡಿದರು, ಮೂರು ಹೊಡೆದರು. ಭುಜಕ್ಕೆ ಬಿದ್ದ ಗುದ್ದಿಗೆ ಪ್ರತಿ ಸಲವೂ ಮುಖ ಕಿವುಚಿದರು. ಮೂರೂ ಚುಕ್ಕೆಯೊಳಗೇ ಇದ್ದವು. ಕಿವಿಯ ಮೇಲಿನದನ್ನು ತೆಗೆದಿಟ್ಟು, ಗೊತ್ತಿದ್ದೇ ಮಾಡಿದೆಯಾ ಎಂದು ಕೇಳಿದರು. ಹೌದು ಎಂದೆ. ಯಾಕೆ ಎಂದರು. ಗುರಿ ತಪ್ಪಲಿ ಅಂತ, ಎಂದೆ.

‘‘ತಪ್ಪಲಿಲ್ಲವಲ್ಲ’’ ಎಂದರು.

ನಾನು ಕೈ ಮುಗಿದೆ. ಅವರಿಗೆ ಅದರ ಅರ್ಥ ಗೊತ್ತಿತ್ತೋ ಇಲ್ಲವೋ. ಅವರು ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಖಾಲಿ ತೋಟಾಗಳನ್ನು ಒಂದೊಂದಾಗಿ ಆರಿಸಿ ಜೇಬಿಗೆ ಹಾಕಿಕೊಂಡು, ನನ್ನ ಕಡೆ ನೋಡದೆಯೇ ಹೇಳಿದರು.

‘‘ಆಗುವುದಿಲ್ಲ ಅಂದಿದ್ದರೆ ಸಾಕಿತ್ತು. ನಾನು ಅಂಗಡಿಯಲ್ಲಿ ಕೊಳ್ಳುತ್ತಿದ್ದೆ.’’

ಪಾರ್ಕಿಂಗ್ ಜಾಗಕ್ಕೆ ಬಂದಾಗ ನನ್ನ ಮುಂದೆ ಕೈ ಚಾಚಿದರು. ಕಾರಿನ ಕೀ ಕೊಟ್ಟೆ. ರೂಟ್ ಎಂಬತ್ತರ ಮೇಲೆ, ಮಳೆಯಲ್ಲಿ, ಟ್ರಕ್ಕುಗಳ ನಡುವೆ, ಮನೆಯವರೆಗೆ ಅವರೇ ಓಡಿಸಿದರು.

ಮನೆ ಮಾರುವ ಮಾತು ಅಲ್ಲಿಗೆ ನಿಂತಿತು. ನಮ್ಮ ಬೇಸ್‌ಮೆಂಟಿಗೆ ಅವರು ಮತ್ತೆ ಇಳಿಯಲಿಲ್ಲ. ಕಸದ ಡಬ್ಬಿ ಹೊರಗಿಡುವಾಗ ಕೈ ಬೀಸುತ್ತಾರೆ, ಹೆಂಡತಿ ಕಳಿಸಿದ ಹುಳಿಯನ್ನವನ್ನು ಚೆನ್ನಾಗಿತ್ತು ಅನ್ನುತ್ತಾರೆ. ಮೊದಲಿನ ಪರಿಚಯಕ್ಕೆ ನಾವು ವಾಪಸು ಬಂದಿದ್ದೇವೆ. ಆಗಸ್ಟಿನಲ್ಲಿ ಒಮ್ಮೆ ಗಿಡಕ್ಕೆ ನೀರು ಹಾಕುತ್ತಿದ್ದವರು ಪೈಪು ಹಿಡಿದುಕೊಂಡೇ, ಈ ವರ್ಷ ನನಗೆ ತೋಟಾ ತುಂಬಿಕೊಡುತ್ತೀಯಾ ಎಂದು ಕೇಳಿದರು. ಪರೀಕ್ಷೆಗೆ ಕೇಳಿದರೆಂದು ಗೊತ್ತಾಯಿತು. ಇಲ್ಲ, ಅಂದೆ. ಸರಿ, ಎಂದು ತಲೆಯಾಡಿಸಿ ಪಕ್ಕದ ಗಿಡಕ್ಕೆ ಪೈಪು ತಿರುಗಿಸಿದರು. ಆಕಾಶ ಕಳಚಿ ಬೀಳಲಿಲ್ಲ. ಇಷ್ಟೇ ಇತ್ತು ಇದು. ಈ ಒಂದು ಮಾತಿನ ಬದಲು ಆ ಜಿಂಕೆಯ ಕಾಲು ಹೋಗಿತ್ತು.

ಮೊನ್ನೆ ಬೆಳಿಗ್ಗೆ ಎದ್ದಾಗ ಪಕ್ಕದ ಮನೆಯ ಮುಂದೆ ಡಾಕ್ಟರ ಪಿಕಪ್ ಟ್ರಕ್ ಇರಲಿಲ್ಲ. ಬೇಟೆ ಶುರುವಾದ ದಿನ. ಹಿಂದಿನ ಅಂಗಳದಲ್ಲಿ ಮೂರು ಜಿಂಕೆಗಳು ಒಣಗಿದ ಅವರೆ ಬಳ್ಳಿಯನ್ನು ಎಳೆಯುತ್ತಿದ್ದವು. ಹೆಂಡತಿ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು, ಓಡಿಸಲಿಲ್ಲ. ನಾನು ಸ್ನಾನ ಮಾಡಿ ದೇವರ ಮುಂದೆ ದೀಪ ಹಚ್ಚಿದೆ. ಆಮೇಲೆ, ಅವರ ಗುಂಡು ಈ ಸಲ ಎದೆಗೇ ಸರಿಯಾಗಿ ತಗುಲಲಿ ಎಂದು ಬೇಡಿಕೊಂಡೆ.